ಮಿತಿಯಲ್ಲೇ ಮುಳುಗುವ ಕಲೆ

ಧರ್ಮರಾಯನಿಗೆ ಸಿಕ್ಕಿದ್ದು ಒಂದೇ ಒಂದು ರೀಬೈ, ಅದೂ ಪುಕ್ಕಟೆ. ಮೊದಲ ಆಟದಲ್ಲಿ ಬೊಕ್ಕಸ, ರಾಜ್ಯ, ನಾಲ್ವರು ತಮ್ಮಂದಿರು, ತಾನು, ಕಡೆಗೆ ದ್ರೌಪದಿ ಅಂತ ಒಂದರ ಬೆನ್ನಿಗೊಂದು ಒಡ್ಡಿ ಸೋತು ಬರಿಗೈಯಾದ ಮೇಲೆ, ಧೃತರಾಷ್ಟ್ರ ಹೆದರಿ ಅಷ್ಟನ್ನೂ ವಾಪಸು ಕೊಟ್ಟು ಊರಿಗೆ ಕಳಿಸಿದ. ಇಂದ್ರಪ್ರಸ್ಥ ಮುಟ್ಟುವ ಮೊದಲೇ ಮತ್ತೆ ಕರೆ ಬಂತು. ಹೋದ. ಅದೇ ಸಭೆ, ಅದೇ ಜಾಗ, ಎದುರಿಗೆ ಅದೇ ಶಕುನಿ, ಕೈಯಲ್ಲಿ ಅವೇ ದಾಳ. ಈ ಸಲ ಒಂದೇ ಎಸೆತ. ಸೋತರೆ ಹನ್ನೆರಡು ವರ್ಷ ಕಾಡು, ಒಂದು ವರ್ಷ ಅಜ್ಞಾತವಾಸ. ಮುಂದಿನದು ಗೊತ್ತೇ ಇದೆ.

ಹಿರಿಯರು ಈ ಕತೆಯಿಂದ ಜೂಜು ಮನೆಹಾಳು ಎಂಬ ನೀತಿ ತೆಗೆದು ನಮಗೆ ಹಂಚಿದರು. ನಾವು ತಲೆಯಾಡಿಸಿ ಕೇಳಿದೆವು, ಶುಕ್ರವಾರ ರಾತ್ರಿ ಆನಂದರಾವ್ ಸರ್ಕಲ್ಲಿನಲ್ಲಿ ಗೋವಾ ಸ್ಲೀಪರ್ ಬಸ್ಸು ಹತ್ತಿದೆವು. ಪೋಕರ್ ಬಲ್ಲವರು ಅದೇ ಕತೆಯಲ್ಲಿ ಕಾಣುವುದು ಬೇರೆ. ಧರ್ಮರಾಯ ಮೊದಲ ಸೋಲಿಗೂ ಎರಡನೆಯ ಆಟಕ್ಕೂ ನಡುವೆ ಏನೇನೂ ಕಲಿಯಲಿಲ್ಲ, ಎದುರಾಳಿಯನ್ನು ಬದಲಿಸಲಿಲ್ಲ, ಸಿಕ್ಕಿದ್ದನ್ನು ಹಿಡಿದು ರಥದ ವೇಗ ಹೆಚ್ಚಿಸುವಷ್ಟು ಬುದ್ಧಿಯನ್ನೂ ತೋರಿಸಲಿಲ್ಲ. ಪಣಜಿಯಲ್ಲಿ ನಿಂತ ಕ್ಯಾಸಿನೊ ಹಡಗುಗಳಲ್ಲಿ ಇಂಥವರಿಗೆ ಬಹಳ ಮರ್ಯಾದೆ. ಬಾಗಿಲಲ್ಲೇ ಶರಬತ್ತು ಕೊಡುತ್ತಾರೆ.

ಹಡಗು ನಿಂತಿರುವುದು ಮಾಂಡೋವಿಯ ಮೇಲೆ. ಮಾಂಡೋವಿ ಅಂದರೆ ನಮ್ಮ ಮಹದಾಯಿಯೇ. ಹುಟ್ಟುವುದು ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ. ಅದರ ನೀರಿಗೆ ಎರಡು ರಾಜ್ಯಗಳು ದಶಕಗಟ್ಟಲೆ ಕಿತ್ತಾಡಿ, 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಂತ ಬರೆದುಕೊಟ್ಟರೂ ಆ ನೀರು ಇನ್ನೂ ಈ ಕಡೆ ತಿರುಗಿಲ್ಲ. ಅದೇ ಹೊಳೆಯ ಕೆಳತುದಿಯಲ್ಲಿ ನಮ್ಮವರ ಸಂಬಳ ಮಾತ್ರ ಯಾವ ನ್ಯಾಯಮಂಡಳಿಯನ್ನೂ ಕಾಯದೆ ಸರಾಗವಾಗಿ ಹರಿದು ಸಮುದ್ರ ಸೇರುತ್ತಿದೆ. ಗೋವಾ ಸರ್ಕಾರ ಜಾಣ. 2020ರ ಫೆಬ್ರವರಿ 1ರಿಂದ ತನ್ನ ಜನ ಕ್ಯಾಸಿನೊ ಹತ್ತಕೂಡದು ಎಂದುಬಿಟ್ಟಿತು. ಅವರಿಗೆ ರೀ-ಎಂಟ್ರಿ ಹಾಗಿರಲಿ, ಎಂಟ್ರಿಯೇ ಇಲ್ಲ. ಅತಿಥಿ ಸತ್ಕಾರವೆಲ್ಲ ನಮ್ಮಂಥವರಿಗೆ.

ಹಾಗಂತ ನಮ್ಮ ಸರ್ಕಾರಗಳು ಕೈಕಟ್ಟಿ ಕೂತಿವೆ ಅಂತಲ್ಲ. 2013ರಲ್ಲಿ ಹೈಕೋರ್ಟು, ಕೌಶಲದ ಆಟವಾಗಿ ಆಡುವ ಪೋಕರಿಗೆ ಪರವಾನಗಿ ಬೇಡ ಎಂದಿತು. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಪಣದಾಟ ನಿಷೇಧಿಸಿತು. 2022ರ ಫೆಬ್ರವರಿ 14ರಂದು, ಪ್ರೇಮಿಗಳ ದಿನವೇ, ಹೈಕೋರ್ಟು ಆ ನಿಷೇಧ ರದ್ದುಮಾಡಿತು. 2025ರ ಆಗಸ್ಟಿನಲ್ಲಿ ದಿಲ್ಲಿಯೇ ಕಣಕ್ಕಿಳಿದು, ಕೌಶಲವೋ ಅದೃಷ್ಟವೋ ಅಂತ ಕೇಳದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆಲ್ಲ ಬೀಗ ಹಾಕಿತು. ಸರ್ಕಾರಗಳಿಗೂ ರೀ-ಎಂಟ್ರಿ ಉಂಟು ನೋಡಿ; ಅದಕ್ಕೆ ಮಿತಿಯಿಲ್ಲ ಅಷ್ಟೇ. ಪರಿಣಾಮ ಏನಪ್ಪಾ ಅಂದರೆ, ಟಾಯ್ಲೆಟ್ಟಿನಲ್ಲಿ ಕೂತು ಫೋನಿನಲ್ಲಿ ಆಡುತ್ತಿದ್ದ ಆಟಕ್ಕೆ ಈಗ ಬಸ್ಸು ಹತ್ತಿ, ದೋಣಿ ಹತ್ತಿ, ಹಡಗು ಹತ್ತಬೇಕು.

ಇರಲಿ. ಹಡಗಿನ ಪೋಕರ್ ಟೂರ್ನಮೆಂಟಿನ ಫಲಕಕ್ಕೆ ಬರೋಣ. ಮೇಲ್ಗಡೆ ಆಳೆತ್ತರದ ಅಕ್ಷರದಲ್ಲಿ ಖಾತ್ರಿ ಬಹುಮಾನದ ಮೊತ್ತ. ಅದರ ಕೆಳಗೆ ಸಾಧಾರಣ ಅಕ್ಷರದಲ್ಲಿ ಎಂಟ್ರಿ: ಉದಾಹರಣೆಗೆ ಹತ್ತು ಸಾವಿರ ರೂಪಾಯಿ ಅನ್ನಿ. ಎಲ್ಲಕ್ಕಿಂತ ಕೆಳಗೆ, ಕನ್ನಡಕ ಒರೆಸಿಕೊಂಡು ನೋಡಿದರೆ ಕಾಣುವಷ್ಟು ಸಣ್ಣಗೆ, 'ರೀ-ಎಂಟ್ರಿ 2ಕ್ಕೆ ಸೀಮಿತ'. ಇದನ್ನು ಓದಿದ ಕೂಡಲೆ ನಮ್ಮ ಮಧ್ಯಮ ವರ್ಗದ ಎದೆ ತುಂಬಿಬರುತ್ತದೆ. ಆಹಾ, ಎಷ್ಟು ಜವಾಬ್ದಾರಿಯುತ ಸಂಸ್ಥೆ! ದುಡ್ಡಿದ್ದವನು ಸೋತಷ್ಟೂ ಸಲ ಬಂದು ಕೂರುವಂತಿಲ್ಲ, ನಮ್ಮಂಥ ಬಡವರಿಗೂ ನ್ಯಾಯ.

ಗೊತ್ತಿಲ್ಲದವರಿಗೆ ಒಂದು ಮಾತು. ರೀಬೈ ಅಂದರೆ ಚಿಪ್ಸ್ ಖಾಲಿಯಾದವನು ಅದೇ ಕುರ್ಚಿಯಲ್ಲಿ ಕೂತಂತೆಯೇ ದುಡ್ಡು ಕೊಟ್ಟು ಮತ್ತೆ ಚಿಪ್ಸ್ ತೆಗೆದುಕೊಳ್ಳುವುದು. ರೀ-ಎಂಟ್ರಿ ಅಂದರೆ ಎದ್ದುಹೋಗಿ, ಕೌಂಟರಿನಲ್ಲಿ ಹೊಸ ಚೀಟಿ ಬರೆಸಿ, ಚೀಟಿ ತೋರಿಸಿದ ಮೇಜಿನಲ್ಲಿ ಹೊಸಬನಾಗಿ ಕೂರುವುದು. ಎರಡಕ್ಕೂ ಮೊದಲ ಕೆಲವು ಸುತ್ತುಗಳವರೆಗೆ ಮಾತ್ರ ಅವಕಾಶ. ಆಮೇಲೆ ಬಾಗಿಲು ಹಾಕುತ್ತಾರೆ. ರೀ-ಎಂಟ್ರಿಯೇ ಮೇಲು, ಯಾಕೆಂದರೆ ಹೊಸ ಮೇಜಿನಲ್ಲಿ ನೀವು ಎಂಥ ಪೆದ್ದ ಅಂತ ಯಾರಿಗೂ ಗೊತ್ತಿರುವುದಿಲ್ಲ. ಹಳೆಯ ಮೇಜಿನಲ್ಲಿ ಅದು ಗೊತ್ತಿರುವುದಷ್ಟೇ ಅಲ್ಲ, ನಿಮ್ಮ ಹಳೆಯ ಚಿಪ್ಸ್ ಎದುರಾಳಿಯ ಮುಂದೆ ಗೋಪುರವಾಗಿ ನಿಂತು ಅಣಕಿಸುತ್ತಿರುತ್ತವೆ. ಒಂದೊಂದು ಎಂಟ್ರಿಯನ್ನೂ ಬುಲೆಟ್ ಅನ್ನುವುದು ಅಲ್ಲಿನ ರೂಢಿ. "ನಾನು ಎರಡನೇ ಬುಲೆಟ್ಟಲ್ಲಿದ್ದೀನಿ" ಅನ್ನುತ್ತಾರೆ, ಎದೆಗೆ ಒಂದು ಗುಂಡು ಬಿದ್ದಾಗಿದೆ ಎಂಬುದನ್ನು ಮರೆತವರ ಹಾಗೆ.

ಈಗ ಆ ಮಿತಿ ಯಾರ ರಕ್ಷಣೆಗೆ ಇದೆ ನೋಡೋಣ. ಆಯೋಜಕ ಇಷ್ಟು ಬಹುಮಾನ ಖಾತ್ರಿ ಅಂತ ಹಾಕಿಕೊಂಡುಬಿಟ್ಟಿದ್ದಾನೆ. ಬಂದವರ ಎಂಟ್ರಿ ದುಡ್ಡು ಅಷ್ಟಾಗದಿದ್ದರೆ ಕೊರತೆಯನ್ನು ತನ್ನ ಜೇಬಿನಿಂದ ತುಂಬಬೇಕು. ಹೊಸ ತಲೆಗಳನ್ನು ತರುವುದಕ್ಕೆ ಜಾಹೀರಾತು ಬೇಕು, ಏಜೆಂಟರು ಬೇಕು, ಬಸ್ಸು ಬೇಕು. ಈಗಾಗಲೇ ಬಂದು ಕೂತ ತಲೆಯನ್ನೇ ಮೂರು ಸಲ ಎಣಿಸುವುದು ಅದಕ್ಕಿಂತ ಅಗ್ಗ. ಪ್ರತಿ ಎಂಟ್ರಿಯಲ್ಲೂ ಕ್ಯಾಸಿನೊದ ಪಾಲು ಬೇರೆ. ಅದರ ಮೇಲೆ ಸರ್ಕಾರದ ಜಿಎಸ್‌ಟಿ. 2023ರ ಅಕ್ಟೋಬರಿನಿಂದ ಕಟ್ಟಿದ ಪೂರ್ತಿ ಮೊತ್ತಕ್ಕೆ 28%, 2025ರ ಸೆಪ್ಟೆಂಬರ್ 22ರಿಂದ 40%. ನೀವು ಸೋತು ಕೌಂಟರಿನ ಕಡೆ ನಡೆದಾಗಲೆಲ್ಲ ಇಬ್ಬರು ಗೆದ್ದಿರುತ್ತಾರೆ, ಇಬ್ಬರೂ ಎಲೆ ಮುಟ್ಟಿರುವುದಿಲ್ಲ.

ಹಾಗಾದರೆ ಮಿತಿ ಯಾಕೆ? ಮಿತಿಯಿಲ್ಲ ಅಂತ ಬರೆದರೆ ಜನ ಹೆದರಿ ಲೆಕ್ಕ ಹಾಕುತ್ತಾರೆ. ಎರಡು ಅಂತ ಬರೆದರೆ, ಎರಡನ್ನೂ ಬಳಸುವುದು ಹಕ್ಕು ಎಂದುಕೊಳ್ಳುತ್ತಾರೆ. ಬಫೆಯಲ್ಲಿ ಒಬ್ಬರಿಗೆ ಎರಡೇ ಹೋಳಿಗೆ ಅಂದಾಗ ಸಕ್ಕರೆ ಕಾಯಿಲೆಯವನೂ ಎರಡು ಹಾಕಿಸಿಕೊಳ್ಳುವುದಿಲ್ಲವೆ? ಇಷ್ಟಾಗಿ ಆ ಮಿತಿಗೂ ಹಿತ್ತಲ ಬಾಗಿಲಿದೆ. ದೊಡ್ಡ ಟೂರ್ನಮೆಂಟಿನ ಮೊದಲ ದಿನವನ್ನು 1ಎ, 1ಬಿ, 1ಸಿ ಅಂತ ಫ್ಲೈಟುಗಳಾಗಿ ಒಡೆಯುವುದು ಮಾಮೂಲು, ಮಿತಿ ಒಂದೊಂದು ಫ್ಲೈಟಿಗೆ ಲೆಕ್ಕ. ಮೂರು ಫ್ಲೈಟು, ಫ್ಲೈಟಿಗೆ ಮೂರು ಬುಲೆಟ್ಟು, ಒಟ್ಟು ಒಂಬತ್ತು. ಸೀಮಿತವೇ ಸರಿ. ಇದ್ದ ಚಿಪ್ಸಿನ ಮೇಲೆ ದುಡ್ಡು ಕೊಟ್ಟು ಇನ್ನಷ್ಟು ಕೊಳ್ಳುವ ಆಡ್-ಆನ್ ಎಂಬ ಇನ್ನೊಂದು ಕೊಡುಗೆಯಿದ್ದರೆ ಅದನ್ನು ಮಿತಿಯ ಲೆಕ್ಕಕ್ಕೇ ಹಿಡಿಯುವುದಿಲ್ಲ. (ಆಡ್-ಆನ್ ಬಗ್ಗೆ ಒಂದು ನಿಜವಾದ ಸಲಹೆ: ಎಂಟ್ರಿಯ ದುಡ್ಡಿಗೆ ಸಿಗುವುದಕ್ಕಿಂತ ಹೆಚ್ಚು ಚಿಪ್ಸ್ ಅದರಲ್ಲಿ ಸಿಗುತ್ತಿದ್ದರೆ ತೆಗೆದುಕೊಳ್ಳಿ. ಚೌಕಾಸಿ ಬಲ್ಲ ಯಾರಿಗಾದರೂ ಹೊಳೆಯುವ ಮಾತಿದು, ಆದರೆ ಎರಡು ಬುಲೆಟ್ಟು ಸುಟ್ಟವನಿಗೆ ಆ ಹೊತ್ತಿನಲ್ಲೇ ಉಳಿತಾಯದ ನೆನಪಾಗುತ್ತದೆ.)

ಅಂದಮೇಲೆ ಕಾರ್ಯತಂತ್ರದ ಮೊದಲ ಪಾಠ ಮೇಜಿನಲ್ಲಿಲ್ಲ, ಫಲಕದಲ್ಲಿದೆ. ಈ ಟೂರ್ನಮೆಂಟಿನ ಬೆಲೆ ಹತ್ತು ಸಾವಿರವಲ್ಲ, ಮೂವತ್ತು. ಮೂವತ್ತು ಇದ್ದವನು ಬಂದು ಕೂರಬೇಕು. ಹತ್ತು ಇದ್ದವನು ಹತ್ತಕ್ಕೇ ಮುಗಿಸುತ್ತೇನೆಂದು ತೀರ್ಮಾನಿಸಿ ಕೂರಬೇಕು. ಇವೆರಡೂ ಮರ್ಯಾದಸ್ಥ ದಾರಿಗಳು. ಹತ್ತು ಇಟ್ಟುಕೊಂಡು ಬಂದು, ಉಳಿದ ಇಪ್ಪತ್ತು ಕ್ರೆಡಿಟ್ ಕಾರ್ಡಿನಲ್ಲಿದೆ ಎಂಬುದನ್ನು ತನ್ನಿಂದಲೇ ಬಚ್ಚಿಟ್ಟುಕೊಂಡು ಕೂರುವವನೇ ಹಡಗಿನ ಅನ್ನದಾತ.

ಈ ಅನ್ನದಾತ ಬೆಂಗಳೂರಿನ ಸಾಫ್ಟ್‌ವೇರ್ ಸಾಹೇಬ ಅನ್ನಿ. ಹೂಡಿ, ಟೀಶರ್ಟು, ಕಣ್ಣಿಗೆ ರಾತ್ರಿ ಒಂಬತ್ತಕ್ಕೂ ಕಪ್ಪು ಕನ್ನಡಕ, ಬೆರಳುಗಳ ನಡುವೆ ಎರಡು ಚಿಪ್ಸ್ ಟಕಟಕ ಅನ್ನಿಸುವ ಅಭ್ಯಾಸ. ಮೊದಲ ಬುಲೆಟ್ಟು, ಎರಡನೆಯ ಲೆವೆಲ್ಲು. ಕೈಯಲ್ಲಿ ಎಕ್ಕ, ಗುಲಾಮ. ಮೇಜಿನ ಮೇಲೆ ಗುಲಾಮ, ಒಂಬತ್ತು, ನಾಲ್ಕು. ಗುಲಾಮನ ಜೋಡಿ, ಜೊತೆಗೆ ಎಕ್ಕ; ಚೆನ್ನಾಗಿದೆ, ತಂಟೆಯಿಲ್ಲ. ಸಾಹೇಬ ಬಾಜಿ ಕಟ್ಟುತ್ತಾನೆ. ಎದುರಿಗೆ ಅರವತ್ತು ದಾಟಿದ ಒಬ್ಬ ಯಜಮಾನರು; ಅರ್ಧ ತಾಸಿನಿಂದ ಒಂದೂ ಕೈ ಆಡದೆ ನಿಂಬೆ ಸೋಡ ಕುಡಿಯುತ್ತ ಕೂತಿದ್ದವರು. ಅವರು ಲೋಟ ಪಕ್ಕಕ್ಕಿಟ್ಟು, ಮುಂದಿದ್ದ ಚಿಪ್ಸನ್ನೆಲ್ಲ ಎರಡೂ ಅಂಗೈಯಿಂದ ಒಟ್ಟಾಗಿ ನೂಕುತ್ತಾರೆ. ಆಲ್-ಇನ್.

ಅರ್ಧ ತಾಸು ಬಾಯಿಬಿಡದವರು ಬಾಯಿಬಿಟ್ಟರೆ ಏನರ್ಥ ಅಂತ ಡೀಲರಿಗೆ ಗೊತ್ತು, ಸೋಡ ತಂದ ಹುಡುಗನಿಗೂ ಗೊತ್ತು. ಸಾಹೇಬನಿಗೂ ಗೊತ್ತು, ಅದೇ ವಿಶೇಷ. ಅವನು ಯೂಟ್ಯೂಬಿನಲ್ಲಿ ಇದೇ ಸಂದರ್ಭ ನೋಡಿ ಫೋಲ್ಡ್, ಫೋಲ್ಡ್ ಅಂತ ಕೂಗಿದ್ದವನು. ಆದರೆ ಈಗ ತಲೆಯೊಳಗೆ ಇನ್ನೊಂದು ಧ್ವನಿ: ಹೋದರೆ ಹೋಗಲಿ ಬಿಡು, ಇನ್ನೆರಡಿದೆ. "ಕಾಲ್." ಯಜಮಾನರು ಎಲೆ ತಿರುವುತ್ತಾರೆ: ಒಂಬತ್ತು, ಒಂಬತ್ತು. ಮೇಜಿನ ಮೇಲಿನದೂ ಸೇರಿ ಮೂರು. ಮಿಕ್ಕ ಎರಡು ಎಲೆ ಬೀಳುವುದು ಬರೀ ಶಾಸ್ತ್ರಕ್ಕೆ. ಡೀಲರು ತಲೆ ಎತ್ತದೆ ಕೇಳುತ್ತಾನೆ, "ಸರ್, ರೀ-ಎಂಟ್ರಿ?" ಹೋಟೆಲಿನಲ್ಲಿ ಬಿಲ್ಲಿಗೆ ಮುಂಚೆ ಕಾಫಿ ಬೇಕಾ ಅಂತ ಕೇಳುವ ಧಾಟಿ.

ಇಲ್ಲಿ ಒಂದು ಸೂಕ್ಷ್ಮವಿದೆ. ರೀಬೈ ಕೈಯಲ್ಲಿದ್ದಾಗ ಹೆಚ್ಚು ಧೈರ್ಯವಾಗಿ ಆಡುವುದು ತಪ್ಪೇನಲ್ಲ, ಸರಿಯೇ. ಚಿಪ್ಸ್ ಹೋದರೂ ಬೆಲೆ ಕೊಟ್ಟು ಅಷ್ಟೇ ಚಿಪ್ಸ್ ತರಬಹುದು ಅಂದಮೇಲೆ, ಚಿಪ್ಸಿನ ರಾಶಿ ದುಪ್ಪಟ್ಟಾಗುವ ಸಮಸಮ ಪಂದ್ಯಕ್ಕೆ ಬೆನ್ನು ತಿರುಗಿಸಬೇಕಿಲ್ಲ. ಆದರೆ ಧೈರ್ಯ ಬೇರೆ, ಸೋತ ಕೈಯನ್ನು ಸೋತದ್ದೆಂದು ತಿಳಿದೂ ದುಡ್ಡು ಕೊಟ್ಟು ನೋಡುವ ಕುತೂಹಲ ಬೇರೆ. ಸಮಸಮ ಪಂದ್ಯವನ್ನು ಇನ್ನೆರಡು ಬುಲೆಟ್ಟು ಸಮರ್ಥಿಸಬಹುದು. ಹತ್ತಕ್ಕೆ ಒಂಬತ್ತು ಪಾಲು ಸೋಲಿರುವ ಪಂದ್ಯವನ್ನು ಇನ್ನೂರು ಬುಲೆಟ್ಟೂ ಸಮರ್ಥಿಸುವುದಿಲ್ಲ.

ಅಷ್ಟರಲ್ಲಿ ಮನೆಯಿಂದ ಫೋನು.

"ಏನ್ರೀ, ಊಟ ಆಯ್ತಾ? ಆಟ ಹೇಗಿದೆ?"

"ಇನ್ನೂ ಒಳಗೇ ಇದ್ದೀನಿ ಕಣೇ."

ಅಪ್ಪಟ ಸತ್ಯ. ಅಶ್ವತ್ಥಾಮ ಸತ್ತ ಅಂದ ಧರ್ಮರಾಯನೂ ಸುಳ್ಳು ಹೇಳಿರಲಿಲ್ಲ.

ಎರಡನೆಯ ಬುಲೆಟ್ಟು ಸಿಟ್ಟಿನಲ್ಲಿ ಹೋಗುತ್ತದೆ. ಪೋಕರಿನವರು ಇದಕ್ಕೆ ಟಿಲ್ಟ್ ಅನ್ನುತ್ತಾರೆ. ಅದರ ಬಗ್ಗೆ ಹೆಚ್ಚು ಬರೆಯುವುದೇನಿಲ್ಲ, ಸಿಲ್ಕ್ ಬೋರ್ಡಿನಲ್ಲಿ ಗಾಡಿ ಓಡಿಸಿದ ಯಾರಿಗಾದರೂ ಗೊತ್ತಿರುವ ಸ್ಥಿತಿ. ಬರೆಯಬೇಕಾದದ್ದು ಮೂರನೆಯದರ ಬಗ್ಗೆ.

ಮೂರನೆಯ ಚೀಟಿ ಹಿಡಿದು ಬಂದ ಸಾಹೇಬ ಬೇರೆಯೇ ಮನುಷ್ಯ. ಕನ್ನಡಕ ತೆಗೆದಿದ್ದಾನೆ. ಚಿಪ್ಸ್ ಟಕಟಕ ನಿಂತಿದೆ. ಎಲೆ ಬಂದರೆ ಹಸುಗೂಸಿನ ಮುಖ ನೋಡುವ ಹಾಗೆ ತುದಿ ಎತ್ತಿ ನೋಡಿ ಮೆತ್ತಗೆ ಮಡಚಿಡುತ್ತಾನೆ. ರಾಣಿಯರ ಜೋಡಿ ಬಂದರೂ, ಯಾರೋ ಒಬ್ಬ ಬಾಜಿ ಏರಿಸಿದ ಅಂತ ಎಸೆದುಬಿಡುತ್ತಾನೆ. ಕೊನೆಯದು ಸ್ವಾಮಿ, ಜೋಪಾನ. ಆದರೆ ಗಡಿಯಾರ ಜೋಪಾನ ಮಾಡುವುದಿಲ್ಲ. ಸಂಜೆ ಆಟ ಶುರುವಾದಾಗ ಬ್ಲೈಂಡು (ಎಲೆ ನೋಡುವ ಮೊದಲೇ ಇಬ್ಬರು ಸರದಿಯಂತೆ ಕಟ್ಟಲೇಬೇಕಾದ ಪಣ) 50, 100. ಹತ್ತು ಸಾವಿರಕ್ಕೆ ಸಿಕ್ಕ 25,000 ಚಿಪ್ಸ್ ಅಂದರೆ ದೊಡ್ಡ ಬ್ಲೈಂಡಿನ ಇನ್ನೂರೈವತ್ತು ಪಟ್ಟು. ರೀ-ಎಂಟ್ರಿಯ ಬಾಗಿಲು ಮುಚ್ಚುವ ಹೊತ್ತಿಗೆ ಬ್ಲೈಂಡು 1,000, 2,000. ಅದೇ ಹತ್ತು ಸಾವಿರ, ಅದೇ 25,000 ಚಿಪ್ಸ್, ಆದರೆ ಈಗ ಅದು ಹನ್ನೆರಡೂವರೆ ಪಟ್ಟು. ಎರಡು ಬ್ಲೈಂಡು, ದೊಡ್ಡ ಬ್ಲೈಂಡಿನಷ್ಟೇ ಇರುವ ಒಂದು ಆಂಟೆ ಎಂಬ ಕಡ್ಡಾಯ ಪಣ ಸೇರಿ ಮೇಜು ಒಂದು ಸುತ್ತು ಬಂದರೆ ಐದು ಸಾವಿರ ಖರ್ಚು. ಎಲೆ ಎಸೆಯುತ್ತಲೇ ಕೂತರೆ ಐದು ಸುತ್ತಿಗೆ ಖತಂ. 1995ರ ವಿಶ್ವ ಚಾಂಪಿಯನ್ ಡ್ಯಾನ್ ಹ್ಯಾರಿಂಗ್ಟನ್ ತಮ್ಮ ಪುಸ್ತಕಗಳಲ್ಲಿ ಈ ಸುತ್ತುಗಳ ಲೆಕ್ಕಕ್ಕೆ ಎಂ ಅಂತ ಹೆಸರಿಟ್ಟು, ಐದಕ್ಕಿಂತ ಕೆಳಗೆ ಇಳಿದರೆ ಕೆಂಪು ವಲಯ ಅಂದರು. ಅಲ್ಲಿ ಉಳಿಯುವ ಕೆಲಸ ಎರಡೇ: ಎಲ್ಲವನ್ನೂ ನೂಕು, ಇಲ್ಲ ಎಲೆ ಎಸೆ. ಪೋಕರ್ ಕೌಶಲದ ಆಟ ಎಂದು ಹೈಕೋರ್ಟಿನ ತನಕ ಹೋಗಿ ಸಾಧಿಸಿದ ಜನ, ಆ ಕೌಶಲಕ್ಕೆ ಜಾಗವೇ ಇಲ್ಲದ ಹೊತ್ತಿನಲ್ಲಿ ಪೂರ್ತಿ ಬೆಲೆ ಕೊಟ್ಟು ಒಳಗೆ ಬರುತ್ತಾರೆ.

ಅಂದರೆ ಸಾಹೇಬ ತಾಳ್ಮೆ ಬೇಕಿದ್ದ ಮೊದಲ ತಾಸಿನಲ್ಲಿ ನುಗ್ಗಿದ, ನುಗ್ಗಬೇಕಿದ್ದ ಕೊನೆಯ ತಾಸಿನಲ್ಲಿ ತಾಳ್ಮೆಯ ಮೂರ್ತಿಯಾದ. ಎರಡನ್ನೂ ಅದಲುಬದಲು ಮಾಡಿದ್ದರೆ ಸಾಕಿತ್ತು.

ಕೊನೆಯ ಬುಲೆಟ್ಟಿನಲ್ಲಿ ಸಮಸಮ ಪಂದ್ಯ ತಪ್ಪಿಸು ಎಂಬ ಸೂತ್ರ ಪುಸ್ತಕಗಳಲ್ಲಿ ಇದೆಯಲ್ಲ, ಅಂತ ನೀವು ಕೇಳಬಹುದು. ಇದೆ, ಆದರೆ ಅದಕ್ಕೊಂದು ಷರತ್ತಿದೆ. ಟೂರ್ನಮೆಂಟಿನಲ್ಲಿ ಚಿಪ್ಸ್ ದುಪ್ಪಟ್ಟಾದರೆ ಅವುಗಳ ಬೆಲೆ ದುಪ್ಪಟ್ಟಾಗುವುದಿಲ್ಲ, ಆದರೆ ಚಿಪ್ಸ್ ಸೊನ್ನೆಯಾದರೆ ಬೆಲೆ ಖಂಡಿತ ಸೊನ್ನೆ. ಹಾಗಾಗಿ ಮೇಜಿನಲ್ಲಿ ಉಳಿದವರಿಗಿಂತ ಚೆನ್ನಾಗಿ ಆಡುವವನು ಸಮಸಮಕ್ಕೆ ತಲೆಕೊಡದೆ, ನಿಧಾನವಾಗಿ ಅವರನ್ನು ತಿನ್ನಲು ಕಾಯಬೇಕು. ಷರತ್ತು ಅದೇ: ಉಳಿದವರಿಗಿಂತ ಚೆನ್ನಾಗಿ ಆಡುವವನು. ಉಳಿದವರಿಗಿಂತ ಕೆಟ್ಟದಾಗಿ ಆಡುವವನಿಗೆ ಸಮಸಮ ಪಂದ್ಯ ಅಂದರೆ ಲಾಟರಿ ಹೊಡೆದಂತೆ. ಅವನು ಅದನ್ನು ಹುಡುಕಿಕೊಂಡು ಹೋಗಬೇಕು, ಏಕೆಂದರೆ ಇಡೀ ರಾತ್ರಿಯಲ್ಲಿ ಅವನು ಎದುರಾಳಿಗೆ ಸಮನಾಗುವ ಕ್ಷಣ ಅದೊಂದೇ. ಇನ್ನು ಆ ಹಾಲಿನಲ್ಲಿ ಹೋಗಿ, ನಿಮ್ಮಲ್ಲಿ ಸರಾಸರಿಗಿಂತ ಕೆಳಗಿನವರು ಕೈ ಎತ್ತಿ ಅನ್ನಿ. ಒಂದು ಕೈಯೂ ಏಳುವುದಿಲ್ಲ. ಮುನ್ನೂರು ಜನ ಸರಾಸರಿಗಿಂತ ಮೇಲಿನವರು ಒಟ್ಟಿಗೆ ಕೂತು ಸಮಸಮ ಪಂದ್ಯ ತಪ್ಪಿಸುತ್ತಿರುತ್ತಾರೆ. ಅವರ ಬ್ಲೈಂಡು ಕದ್ದು ಬದುಕುವವರು ಬೆರಳೆಣಿಕೆಯ ಮಂದಿ, ನಿಂಬೆ ಸೋಡದ ಯಜಮಾನರಂಥವರು.

ಯಜಮಾನರ ಗುಟ್ಟು ಏನು ಅಂದರೆ, ಅವರು ತಮ್ಮ ಬುಲೆಟ್ಟಿಗಿಂತ ಬೇರೆಯವರ ಬುಲೆಟ್ಟು ಎಣಿಸುತ್ತಾರೆ. ಯಾರು ಈಗಷ್ಟೇ ಬಂದರು, ಯಾರ ಹತ್ತಿರ ಇನ್ನೆರಡು ಉಳಿದಿದೆ, ಯಾರು ಕೌಂಟರಿಗೆ ಎರಡು ಸಲ ಹೋಗಿ ಬಂದರು. ಇನ್ನೆರಡು ಇರುವವನ ಮುಂದೆ ಬ್ಲಫ್ ಮಾಡುವುದು ವ್ಯರ್ಥ. ಅವನು ಏನು ಬಂದರೂ ಕಾಲ್ ಮಾಡುತ್ತಾನೆ, ಅವನ ಮುಂದೆ ಒಳ್ಳೆಯ ಎಲೆ ಬಂದಾಗ ಮಾತ್ರ ಬಾಯಿಬಿಡಬೇಕು. ಕೊನೆಯ ಬುಲೆಟ್ಟಿನವನ ಮುಂದೆ ಎಲೆಯನ್ನೇ ನೋಡದೆ ಬಾಜಿ ಏರಿಸಿದರೂ ಆದೀತು. ಅವನು ರಾಣಿಯರನ್ನೂ ಮಡಚುತ್ತಾನೆ. ಇದು ಯಾವ ಗಣಿತವೂ ಬೇಡದ ತಂತ್ರ, ಕಣ್ಣು ಸಾಕು. ಸಾಹೇಬನ ಕಣ್ಣು ಕಪ್ಪು ಕನ್ನಡಕದ ಹಿಂದೆ ಇತ್ತು.

ಲಾಸ್ ವೇಗಸ್ಸಿನಲ್ಲಿ ಈ ಕತೆ ಹಳೆಯದು. ಅಲ್ಲಿನ ವರ್ಲ್ಡ್ ಸೀರೀಸ್ ಆಫ್ ಪೋಕರಿನಲ್ಲಿ 2006ರಲ್ಲಿ ಸಾವಿರ ಡಾಲರಿನ ಒಂದು ರೀಬೈ ಟೂರ್ನಮೆಂಟಿಗೆ ಕೂತ ಡೇನಿಯಲ್ ನೆಗ್ರಾನು, ನಲವತ್ತಕ್ಕೂ ಹೆಚ್ಚು ಸಲ ರೀಬೈ ಮಾಡಿದರು. ಸಾವಿರದ ಟೂರ್ನಮೆಂಟಿಗೆ ನಲವತ್ತು ಸಾವಿರಕ್ಕೂ ಮೇಲೆ. ಗೆಲ್ಲಲಿಲ್ಲ, ಅದು ಬೇರೆ ಮಾತು. ದುಡ್ಡಿದ್ದವರು ಗೆದ್ದವರಿಗೆ ಕೊಡುವ ಬಳೆಯನ್ನು ಕೊಂಡುಕೊಳ್ಳುತ್ತಿದ್ದಾರೆ ಅಂತ ಗಲಾಟೆಯಾಗಿ, 2009ರಲ್ಲಿ ರೀಬೈ ಟೂರ್ನಮೆಂಟುಗಳನ್ನು ಪಟ್ಟಿಯಿಂದ ತೆಗೆದರು. ಕೆಲವೇ ವರ್ಷದಲ್ಲಿ ರೀ-ಎಂಟ್ರಿ ಎಂಬ ಹೊಸ ಅಂಗಿ ತೊಟ್ಟು ಅದೇ ಆಸಾಮಿ ಒಳಗೆ ಬಂದ. 2015ರ ಕೊಲೊಸಸ್ ಎಂಬ ಟೂರ್ನಮೆಂಟಿಗೆ 22,374 ಎಂಟ್ರಿ ಅಂತ ಜಗತ್ತೆಲ್ಲ ಡಂಗುರ ಹೊಡೆದರು. ಎಂಟ್ರಿ, ಜನ ಅಲ್ಲ. ಮತದಾರರ ಪಟ್ಟಿಯಲ್ಲಿ ಒಬ್ಬನ ಹೆಸರು ಮೂರು ಕಡೆ ಸಿಕ್ಕರೆ ಹಗರಣ ಅನ್ನುತ್ತೇವೆ. ಅಲ್ಲಿ ಅದು ದಾಖಲೆ.

ಅದೇ ನೆಗ್ರಾನು ಒಂದು ಒಳ್ಳೆಯ ಕೆಲಸ ಮಾಡಿದರು. ಬೇರೆಯವರು ಗೆದ್ದದ್ದನ್ನು ಮಾತ್ರ ಹೇಳುವಾಗ ತಮ್ಮ ವರ್ಷದ ಪೂರ್ತಿ ಲೆಕ್ಕ ಬಿಚ್ಚಿಟ್ಟರು. 2017ರಲ್ಲಿ ಅವರು ಟೂರ್ನಮೆಂಟುಗಳಲ್ಲಿ ಪಡೆದ ಬಹುಮಾನ ಇಪ್ಪತ್ತೇಳು ಲಕ್ಷ ಡಾಲರಿಗೂ ಮೇಲೆ. ಎಂಟ್ರಿಗಳಿಗೆ ಸುರಿದದ್ದು ಅದಕ್ಕಿಂತ ಹೆಚ್ಚು. ವರ್ಷದ ಕೊನೆಗೆ ಎಂಬತ್ತಾರು ಸಾವಿರ ಡಾಲರಿನಷ್ಟು ನಷ್ಟ. ಜಗತ್ತಿನ ಅತಿ ಹೆಸರುವಾಸಿ ಆಟಗಾರರಲ್ಲೊಬ್ಬ ಒಂದಿಡೀ ವರ್ಷ ಆಡಿ ಕೈಯಿಂದ ಕಳೆದುಕೊಂಡದ್ದು ಇಷ್ಟು. ನಮ್ಮ ಸಾಹೇಬ ವಾರಾಂತ್ಯದಲ್ಲಿ ಬಸ್ ಚಾರ್ಜು ಗಿಟ್ಟಿಸುವ ಭರವಸೆಯಲ್ಲಿದ್ದಾನೆ.

ಹಡಗಿನ ಡೆಕ್ಕಿನ ಮೇಲೆ ಸಿಗರೇಟು ಹಚ್ಚಿದವರ ಬಾಯಲ್ಲಿ ಎರಡು ಕತೆಗಳು ಓಡುತ್ತವೆ. ಒಂದು, ತನ್ನ ಎಕ್ಕದ ಜೋಡಿ ಮುರಿದ ಕತೆ. ಎಕ್ಕದ ಜೋಡಿ ಬರುವುದು ಸರಾಸರಿ 221 ಕೈಗೆ ಒಮ್ಮೆ. ಸೋತವರ ಬಾಯಲ್ಲಿ ಪ್ರತಿಯೊಬ್ಬರಿಗೂ ಅದು ಕೊನೆಯ ಕೈಯಲ್ಲೇ ಬಂದಿರುತ್ತದೆ. ಅದು ರಾಜರ ಜೋಡಿಯ ಎದುರೂ ಐದರಲ್ಲಿ ಸುಮಾರು ಒಂದು ಸಲ ಸೋಲುತ್ತದೆ ಎಂಬುದು ಅನ್ಯಾಯವಲ್ಲ, ಲೆಕ್ಕ. ಎರಡನೆಯದು ಜ್ಯಾಕ್ ಸ್ಟ್ರಾಸ್ ಕತೆ. 1982ರ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಸ್ಟ್ರಾಸ್ ಎಲ್ಲ ಕಳೆದುಕೊಂಡು ಏಳಲು ಹೋದಾಗ ನ್ಯಾಪ್ಕಿನ್ನಿನ ಕೆಳಗೆ ಒಂದೇ ಒಂದು ಚಿಪ್ ಉಳಿದಿತ್ತಂತೆ. ಅದರಿಂದ ಮತ್ತೆ ಕಟ್ಟಿಕೊಂಡು ಹೋಗಿ 5,20,000 ಡಾಲರು ಗೆದ್ದರು. ಒಂದು ಚಿಪ್ಪು, ಒಂದು ಕುರ್ಚಿ ಇದ್ದರೆ ಸಾಕು ಅಂತ ಕಣ್ಣಲ್ಲಿ ನೀರು ತಂದುಕೊಂಡು ಹೇಳಿ, ಹೇಳಿದವನು ನೇರ ಕೌಂಟರಿಗೆ ಹೋಗಿ ಇಪ್ಪತ್ತೈದು ಸಾವಿರ ಚಿಪ್ಸ್ ಬರೆಸುತ್ತಾನೆ. ಸ್ಟ್ರಾಸ್‌ಗೆ ರೀಬೈ ಇರಲಿಲ್ಲ. ಹತ್ತು ಸಾವಿರ ಡಾಲರಿನ ಆ ಮುಖ್ಯ ಪಂದ್ಯಕ್ಕೆ ಇವತ್ತಿಗೂ ಇಲ್ಲ. ಸೋತರೆ ಮುಂದಿನ ವರ್ಷ. ರೀಬೈ ಇದ್ದಿದ್ದರೆ ಆ ಒಂದು ಚಿಪ್ಪನ್ನು ಡೀಲರಿಗೆ ಟಿಪ್ಸ್ ಕೊಟ್ಟು ಎದ್ದಿರುತ್ತಿದ್ದರೇನೋ.

ಮಹಾಭಾರತದಲ್ಲಿ ಮಿತಿಯಿರುವ ರೀಬೈಯನ್ನು ಸರಿಯಾಗಿ ಬಳಸಿದವನೂ ಒಬ್ಬನಿದ್ದಾನೆ, ನಳ. ತಮ್ಮ ಪುಷ್ಕರನಿಗೆ ರಾಜ್ಯ ಸೋತು ಉಟ್ಟಬಟ್ಟೆಯಲ್ಲಿ ಕಾಡು ಸೇರಿದವನು ಮಾರನೆಯ ದಿನ ವಾಪಸು ಬಂದು ಕೂರಲಿಲ್ಲ. ಋತುಪರ್ಣನ ಬಳಿ ಸಾರಥಿಯಾಗಿ ದುಡಿದ. ಕುದುರೆಯ ವಿದ್ಯೆ ಕೊಟ್ಟು ದಾಳದ ವಿದ್ಯೆ, ಅಕ್ಷಹೃದಯ, ಕಲಿತ. ಆಮೇಲೆ ಬಂದು ಒಂದೇ ಎಸೆತಕ್ಕೆ ಎಲ್ಲ ಒಡ್ಡಿ ಗೆದ್ದ. ಇನ್ನೂ ಸ್ವಾರಸ್ಯವೇನೆಂದರೆ ಈ ಕತೆಯನ್ನು ಬೃಹದಶ್ವ ಋಷಿ ಹೇಳುವುದು ಧರ್ಮರಾಯನಿಗೆ, ವನವಾಸದಲ್ಲಿ. ಹೇಳಿ ಮುಗಿಸಿ ಅವನಿಗೂ ಅಕ್ಷಹೃದಯ ಕಲಿಸುತ್ತಾನೆ. ಕೋಚಿಂಗ್ ಕ್ಲಾಸಿಗೆ ಸೇರಿದ್ದು ಎರಡೂ ಬುಲೆಟ್ಟು ಮುಗಿದ ಮೇಲೆ.

ಸಾಹೇಬನ ವಿಷಯಕ್ಕೆ ಬಂದರೆ, ಅವನು ಕೆಟ್ಟ ಹೆಸರು ತರಲಿಲ್ಲ. ಎಲೆ ಎಸೆದು ಎಸೆದು, ಗತಿಯಿಲ್ಲದೆ ನೂಕಿದ ಒಂದೆರಡು ಕೈ ದಕ್ಕಿ, ಪಕ್ಕದ ಮೇಜುಗಳಲ್ಲಿ ಉಳಿದವರು ತಂತಾವೇ ಹೊಡೆದಾಡಿಕೊಂಡು ಉದುರಿ, ಬೆಳಗಿನ ಜಾವಕ್ಕೆ ಬಹುಮಾನದ ಪಟ್ಟಿಯ ತೀರಾ ಕೆಳಗಿನ ಮೆಟ್ಟಿಲಿಗೆ ತಾಗಿದ: ಹದಿನೆಂಟು ಸಾವಿರ ರೂಪಾಯಿ. ಹಡಗಿನಿಂದಿಳಿಯುವ ಮೊದಲೇ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದ, 'ಕ್ಯಾಶ್ ಮಾಡಿದೆ!' ಮ್ಯಾನೇಜರೂ ಸೇರಿ ನಲವತ್ತು ಹೆಬ್ಬೆರಳು. ಒಬ್ಬ ತರಲೆ ಮಾತ್ರ 'ಎಷ್ಟು ಬುಲೆಟ್ಟು?' ಅಂತ ಕೇಳಿದ. ಅವನಿಗೆ ಉತ್ತರ ಬರಲಿಲ್ಲ.

ಇಸ್ಪೀಟಿನ ಗೆಲುವಿಗೆ ಆದಾಯ ತೆರಿಗೆ 30%. ಹತ್ತು ಸಾವಿರ ದಾಟಿದ ಬಹುಮಾನದಲ್ಲಿ ಅದನ್ನು ಕೈಗೆ ಕೊಡುವ ಮೊದಲೇ ಹಿಡಿಯುತ್ತಾರೆ: 5,400. ಕೈಗೆ ಬಂದದ್ದು 12,600. ಗೆಲ್ಲಲು ಆದ ಖರ್ಚನ್ನು ಆ ಗೆಲುವಿನಿಂದ ಕಳೆಯಲು ಕಾನೂನು ಬಿಡುವುದಿಲ್ಲ, ಆದ್ದರಿಂದ ಆದಾಯ ತೆರಿಗೆ ಇಲಾಖೆಯ ಕಣ್ಣಿಗೆ ಅವನು ಅವತ್ತು ರಾತ್ರಿ ಹದಿನೆಂಟು ಸಾವಿರ ಸಂಪಾದಿಸಿದ ಭಾಗ್ಯವಂತ. ಕ್ರೆಡಿಟ್ ಕಾರ್ಡಿನ ಕಣ್ಣಿಗೆ 17,400 ಕಳೆದುಕೊಂಡವ, ಬಸ್ಸು, ರೂಮು, ಮೀನೂಟ ಬಿಟ್ಟು.

ಬಸ್ಸಿನಲ್ಲಿ ಪಕ್ಕದ ಬರ್ತಿನವನೂ ಅದೇ ಹಡಗಿನಿಂದ ಬಂದವನು, ಅವನೂ ಮೂರು ಸುಟ್ಟವನು. ಅನಮೋಡ ಘಾಟಿ ಹತ್ತುವಾಗ ಇಬ್ಬರೂ ಒಂದು ತೀರ್ಮಾನಕ್ಕೆ ಬಂದರು. ಈ ಎರಡು ರೀ-ಎಂಟ್ರಿ ಮಿತಿಯೇ ಸರಿಯಿಲ್ಲ, ಆಟ ಹತ್ತುವುದೇ ಮೂರನೆಯ ಬುಲೆಟ್ಟಿನಲ್ಲಿ. ಮುಂದಿನ ಸಲಕ್ಕೆ ಅದನ್ನು ನಾಲ್ಕಕ್ಕೆ ಏರಿಸಬೇಕು ಅಂತ ಆಯೋಜಕರಿಗೊಂದು ಇಮೇಲ್ ಹಾಕೋಣ. ಘಾಟಿಯಾಚೆಯ ರಾಮನಗರ ಬರುವಷ್ಟರಲ್ಲಿ ಕರಡು ಸಿದ್ಧವಾಯಿತು. ಒಂದೇ ತಾಸಿನಲ್ಲಿ ಉತ್ತರವೂ ಬಂತು: ನಿಮ್ಮ ಸಲಹೆಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗುವುದು.